ದೋಣಿಯವರ ಪೂರ್ವಾಶ್ರಮ

‘ಯಾರು?’ ಎಂದು ಆ ಮಧ್ಯಾಹ್ನ ಕೇಳಿದವರು ಯಾರು ಎಂಬುದು ನನಗೆ ಈಗಲೂ ಖಚಿತವಿಲ್ಲ. ನಾನೇ ಕೇಳಿದೆ ಎಂದು ನನ್ನ ನೆನಪು ಹೇಳುತ್ತದೆ. ಕೇಳಿದ್ದು ಅಜ್ಜಿ, ನೀನು ಬರೀ ಇಂಗ್ಲಿಷಿಗೆ ತಿರುಗಿಸಿದೆ ಎಂದು ಅಕ್ಕ ಶುಭಾ ಹೇಳುತ್ತಾಳೆ. ಯಾರೂ ಏನೂ ಕೇಳಲಿಲ್ಲ, ಆ ಮನುಷ್ಯ ತಾನಾಗಿಯೇ ಬಾಯಿಬಿಟ್ಟ ಎಂಬುದು ಅಮ್ಮನ ವಾದ. ಅಪ್ಪನನ್ನು ಕೇಳಿದರೆ, “ಬಿಡೋ, ಆವತ್ತು ಎಲ್ಲರಿಗೂ ಹಸಿವಾಗಿತ್ತು” ಎಂದು ಪೇಪರ್ ಎತ್ತಿಕೊಳ್ಳುತ್ತಾರೆ. ಪ್ರಶ್ನೆಯ ಪಾಡೇ ಹೀಗಿರುವಾಗ ಉತ್ತರದ ಬಗ್ಗೆ ಹೇಳುವುದೇ ಬೇಡ. ಆ ಒಂದು ಅಕ್ಷರದ ಉತ್ತರಕ್ಕೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ಇತಿಹಾಸ ಓದಿ, ಬೇರೆಯವರ ಸಾಕ್ಷ್ಯವನ್ನು ಅನುಮಾನಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನು. ನನ್ನ ಸಾಕ್ಷ್ಯದ ಸರದಿ ಬಂದಾಗ ಮಾತ್ರ ಎದ್ದು ಕೋಣೆಯಲ್ಲಿ ಅತ್ತಿತ್ತ ತಿರುಗಾಡುತ್ತೇನೆ.

ಸಿಂಗಪುರದ ಕ್ಲೆಮೆಂಟಿಯ ನಮ್ಮ ಮನೆ ಮೂರನೇ ಮಹಡಿಯಲ್ಲಿತ್ತು. ಮುಂದೆ ಹಾಲ್, ಅದರ ಬದಿಗೆ ಮೂರು ಕೋಣೆಗಳು, ಹಿಂದೆ ಅಡುಗೆಮನೆ. ಸಾಮಾನಿಡುವ ಕಿಟಕಿಯಿಲ್ಲದ ಗೂಡಿನಲ್ಲಿ ದೇವರು. ಅಡುಗೆಮನೆಯ ಕಿಟಕಿಯಿಂದ ಹೊರಗೆ ಬಿದಿರಿನ ಗಳುಗಳನ್ನು ಚಾಚಿ ಬಟ್ಟೆ ಒಣಹಾಕುವುದು ಅಲ್ಲಿನ ಪದ್ಧತಿ. ನಮ್ಮ ಗಳುಗಳಲ್ಲಿ ಒಂದು ಅಜ್ಜಿಯ ಮಡಿಸೀರೆಗೆ ಮೀಸಲು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಗಾಳಿ ಬಂದಾಗ ಆ ಕೆಂಪು ಸೀರೆ ನೆಲಮಹಡಿಯ ಖಾಲಿ ಜಾಗವಾದ ವಾಯ್ಡ್ ಡೆಕ್‌ನ ಮೇಲೆ ಬಾವುಟದ ಹಾಗೆ ಹಾರಾಡುತ್ತಿತ್ತು. ಕೆಳಗಿನ ಮನೆಯವರು ಒಮ್ಮೆ ದೂರು ಕೊಟ್ಟಾಗ ಅಜ್ಜಿ, “ಅವ್ರ ತಲೆ ತಾಗಿದ್ರೆ ಮೈಲಿಗೆ ಆಗುದು ನನ್ನ ಸೀರೆಗೆ, ಅವ್ರಿಗೆಂತ ಕಷ್ಟ?” ಎಂದು ಕೇಳಿದ್ದರು. ಉಡುಪಿಯ ಕಡೆಯವರಾದ ಅಜ್ಜಿ, ಅಜ್ಜ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಅಮ್ಮ ಮೈಸೂರಿನವಳು. ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಎಂಆರ್‌ಟಿ ರೈಲು ಹಿಡಿಯುವ ಮೊದಲು ಹುಳಿ ಕುದಿಸಿಟ್ಟು ಹೋಗುತ್ತಿದ್ದಳು. ಅಪ್ಪ ಹತ್ತಿರದ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅವರದು ಗುತ್ತಿಗೆಯ ಕೆಲಸ. ಒಂದು ಒಳ್ಳೆಯ ಪುಸ್ತಕ ಬಂದರೆ ಗುತ್ತಿಗೆ ಮುಂದುವರಿಯುತ್ತದೆ, ಬರದಿದ್ದರೆ ಗಂಟುಮೂಟೆ ಕಟ್ಟಬೇಕು ಎಂಬುದು ನಾನೂ ಅಕ್ಕನೂ ಗೋಡೆಯ ಆಚೆಯಿಂದ ಕೇಳಿಸಿಕೊಂಡಿದ್ದ ಸತ್ಯ.

ಆ ಪುಸ್ತಕ ನಮ್ಮ ಮನೆಯ ಮೂರನೇ ಕೋಣೆಯಲ್ಲೇ ವಾಸವಾಗಿತ್ತು. ಅಪ್ಪನ ವಿಷಯ ಸ್ಪೇನ್. ಸರ್ವಾಧಿಕಾರಿ ಸತ್ತ ಮೇಲೆ ಆ ದೇಶ ಹೇಗೆ ಹೆಚ್ಚು ರಕ್ತ ಹರಿಸದೆ ಪ್ರಜಾಪ್ರಭುತ್ವಕ್ಕೆ ದಾಟಿತು ಎಂಬುದು ಅವರಿಗೆ ಪುರಾಣದಷ್ಟು ಪ್ರಿಯವಾದ ಕಥೆ. (“ಸ್ಪೇನ್ ಬಗ್ಗೆ ಮನೇಲಿ ಎಷ್ಟು ಬೇಕಾದ್ರೂ ಮಾತಾಡಿ, ಲಿಫ್ಟ್‌ನಲ್ಲಿ ಯಾರ್ಯಾರೋ ಇರ್ತಾರೆ, ಕ್ರಿಕೆಟ್ ಸಾಕು” ಎಂದು ಅಮ್ಮ ಎಚ್ಚರಿಸುತ್ತಿದ್ದಳು.) ಆ ದಾಟುವಿಕೆಯಲ್ಲಿ ಪಾಲ್ಗೊಂಡಿದ್ದ ಒಬ್ಬ ರಾಜಕಾರಣಿ ಉಪನ್ಯಾಸಗಳಿಗಾಗಿ ಸಿಂಗಪುರಕ್ಕೆ ಬಂದರು. ಹೆಸರು ಅನ್ಸೆಲ್ಮೊ. ಎಪ್ಪತ್ತರ ಹತ್ತಿರದ ವಿಧುರ. ಪಕ್ಷ ಕರಗಿಹೋಗಿತ್ತು, ಚುನಾವಣೆ ಸೋತಾಗಿತ್ತು. ಅತಿಥಿಗೃಹದ ರಿಪೇರಿ ಮುಗಿಯುವವರೆಗೆ ಎಂದು ಅಪ್ಪ ಅವರನ್ನು ಮನೆಗೆ ಕರೆತಂದು ಮೂರನೇ ಕೋಣೆ ಕೊಟ್ಟರು. ರಿಪೇರಿ ಮುಗಿಯಿತು, ಅವರು ಹೋಗಲಿಲ್ಲ. ಅಪ್ಪ ಅವರ ಜೀವನಚರಿತ್ರೆ ಬರೆಯಲು ಶುರುಮಾಡಿದ್ದರು. ಮೊದಲ ದಿನ ಅವರು ಸೂಟ್‌ಕೇಸ್ ಹಿಡಿದು ಹಾಲ್‌ನಲ್ಲಿ ನಿಂತಿದ್ದಾಗ ಅಜ್ಜಿ ಅಡುಗೆಮನೆಯ ಬಾಗಿಲಿಂದಲೇ ಅಪ್ಪನನ್ನು ವಿಚಾರಿಸಿದರು.

“ಅವ್ರ ಹೆಸ್ರೆಂತದು?”

“ಅನ್ಸೆಲ್ಮೊ, ಅಮ್ಮ. ಮರ್ಯಾದೆಗೆ ಮುಂದೆ ದೋನ್ ಅಂತ ಸೇರಿಸ್ಬೇಕು. ನಮ್ಮಲ್ಲಿ ಶ್ರೀ ಅಂತಾರಲ್ಲ, ಹಾಗೆ.”

“ದೋಣಿ?”

“ದೋನ್.”

“ಅದೇ ಮಾರಾಯ, ದೋಣಿ. ಇನ್ನೊಂದು ನನ್ನ ಬಾಯಿಗೆ ಬರೂದಿಲ್ಲ. ದೋಣಿಯವ್ರು ಅಂತೇನೆ. ಸಾಕಲ್ಲ ಮರ್ಯಾದೆ?”

ಹಾಗೆ ಅವರು ದೋಣಿಯವರಾದರು. ನಮ್ಮ ನಾಲಿಗೆಗೆ ಅವರು ಅಂಕಲ್. ಆದರೆ ನಮ್ಮೊಳಗೆ ಮಾತಾಡಿಕೊಳ್ಳುವಾಗ ನಾವೂ ದೋಣಿಯವರು ಎಂದೇ ಅನ್ನುತ್ತಿದ್ದೆವು. ಅವರನ್ನು ಅಡುಗೆಮನೆಯ ಪಕ್ಕದ ಮೇಜಿಗೆ ಕೂರಿಸುವುದು ಅಜ್ಜಿಗೆ ಮೊದಲ ವಾರ ದೊಡ್ಡ ಸಂಕಟವಾಯಿತು. ಅವರೆದ್ದ ಮೇಲೆ ಮೇಜನ್ನಲ್ಲದೆ ಕುರ್ಚಿಯ ಕಾಲನ್ನೂ ಒರೆಸುತ್ತಿದ್ದರು. ಆ ಸಂಕಟ ಪರಿಹಾರವಾದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಅದಕ್ಕೆ ಕಾರಣ ಅಪ್ಪನ ಉಪಮೆ. ಒಂದು ಭಾನುವಾರ ಅಜ್ಜಿ ತೆಂಗಿನಕಾಯಿ ತುರಿಯುತ್ತ ಕೂತಿದ್ದರು. ಈ ದೋಣಿಯವರು ತಮ್ಮ ಊರಿನಲ್ಲಿ ಅಂಥದ್ದೇನು ಮಾಡಿದರು ಎಂದು ಕೇಳಿದರು. ಅಪ್ಪನಿಗೆ ಯಾರಾದರೂ ಕೇಳಿದರೆ ಸಾಕು.

“ಅಲ್ಲಿ ಸೇನಾಪತಿಯೊಬ್ಬ ಸರ್ವಾಧಿಕಾರಿ ಆಗಿದ್ದ, ಅಮ್ಮ. ಅವ್ನು ಸತ್ತ. ಅವ್ನು ಕಟ್ಟಿದ ಸಭೆ ಹಾಗೇ ಉಳೀತು. ಇವ್ರೂ ಅದ್ರಲ್ಲಿ ಮೆಂಬರ್. ಒಂದು ದಿನ ಆ ಸಭೆಯವ್ರೇ ಒಬ್ಬೊಬ್ರಾಗಿ ಎದ್ದು ನಿಂತು, ನಾವಿನ್ನು ಬೇಡ, ಜನ ಓಟು ಹಾಕ್ಲಿ ಅಂದ್ರು. ತಮ್ಮ ತಿಥಿ ತಾವೇ ಮಾಡ್ಕೊಂಡ್ರು ಅಂತಿಟ್ಕೋ.”

ತುರಿಯುವ ಕೈ ನಿಂತಿತು.

“ತಮ್ಮ ತಿಥಿ ತಾವೇ?”

“ಹೂಂ.”

“ಇವ್ರೂ?”

“ಇವ್ರೂ. ಎದ್ದು ನಿಂತು ‘ಹೌದು’ ಅಂದ್ರಂತೆ.”

ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಳ್ಳುವವರು ಯಾರು ಎಂಬುದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಸನ್ಯಾಸ ತೆಗೆದುಕೊಳ್ಳುವವರು. ಹೆಂಡತಿಯಿಲ್ಲ, ಮನೆಯಿಲ್ಲ, ಒಂದೇ ಪೆಟ್ಟಿಗೆ, ಮಿತವಾದ ಊಟ, ಎರಡನೇ ಸಲ ಬಡಿಸಲು ಹೋದರೆ ಎಲೆಗೆ ಅಡ್ಡ ಕೈ. ಎಲ್ಲ ಲಕ್ಷಣಗಳೂ ಕೂಡಿ ಬಂದವು. (ತಿಂಡಿ ಅಂಗಡಿಗಳ ಸಾಲಿನ ಹಾಕರ್ ಸೆಂಟರ್‌ನಲ್ಲಿ ದೋಣಿಯವರು ಏನೇನು ತಿನ್ನುತ್ತಾರೆಂದು ನನಗೆ ಗೊತ್ತಿತ್ತು, ಅಜ್ಜಿ ಕೇಳಲಿಲ್ಲ, ನಾನು ಹೇಳಲಿಲ್ಲ.) ಮರುದಿನದಿಂದ ಕುರ್ಚಿಯ ಕಾಲು ಒರೆಸುವುದು ನಿಂತಿತು. ಮನೆಯಲ್ಲಿ ಮೊದಲ ಬಡಿಸುವಿಕೆ ಅವರಿಗಾಯಿತು. ಅಪ್ಪನದು ಅವರ ನಂತರ. ಅಪ್ಪ ತಿದ್ದಲಿಲ್ಲ. ಮೊದಲು ತಮಾಷೆಗೆ ಸುಮ್ಮನಿದ್ದರು, ಆಮೇಲೆ ಅನುಕೂಲಕ್ಕೆ. ಅಜ್ಜಿ ನನ್ನನ್ನೂ ಅಕ್ಕನನ್ನೂ ಕರೆದು ಕೂರಿಸಿ ಒಂದು ನಿಯಮ ಹೇಳಿದರು.

“ಸನ್ಯಾಸಿಗಳ ಹತ್ರ ಪೂರ್ವಾಶ್ರಮ ಕೇಳ್ಲಿಕ್ಕಿಲ್ಲ. ಯಾವ ಊರು, ಯಾರ ಮಗ, ಮೊದ್ಲು ಎಂತ ಮಾಡ್ತಿದ್ರಿ, ಒಂದೂ ಕೇಳ್ಬಾರ್ದು. ಗೊತ್ತಾಯ್ತಾ?”

“ಕೇಳಿದ್ರೆ ಏನಾಗತ್ತೆ ಅಜ್ಜಿ?” ಶುಭಾ ಕೇಳಿದಳು.

“ಸತ್ತವ್ರನ್ನ ಎಬ್ಬಿಸಿದ ಹಾಗೆ ಆಗ್ತದೆ.”

ಅಪ್ಪ ಆ ಸಂಜೆಯೇ ಇದನ್ನು ದೋಣಿಯವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ದೇಶದಲ್ಲೂ ಎಲ್ಲ ಪಕ್ಷದವರು ಕೂಡಿ ಇದನ್ನೇ ಒಪ್ಪಿಕೊಂಡದ್ದು, ಯಾರೂ ಯಾರ ಹಿಂದಿನದನ್ನೂ ಕೆದಕಬಾರದು ಎಂದು. “ಅದಕ್ಕೆ ನಮಗೆ ಒಂದು ಕಾನೂನೇ ಬೇಕಾಯಿತು, ಪ್ರೊಫೆಸರ್. ನಿಮ್ಮ ತಾಯಿಗೆ ಒಂದು ಪದ ಸಾಕಾಯಿತು.” ಆಮೇಲೆ ಅವರು ಆ ಪದವನ್ನು ಕಲಿಯಲು ಯತ್ನಿಸಿದರು. ಪೂರ್ವಾಶ್ರಮ ಅವರ ಬಾಯಲ್ಲಿ ಪೂರಾಶ್ರಮವಾಯಿತು. ಮುಂದೆ ಅಪ್ಪ ಸಂದರ್ಶನಕ್ಕೆ ಕೂತಾಗ ಬೇಡದ ಪ್ರಶ್ನೆ ಬಂದರೆ ಅವರು ಬೆರಳೆತ್ತಿ “ಪೂರಾಶ್ರಮ!” ಎನ್ನುತ್ತಿದ್ದರು, ಇಬ್ಬರೂ ನಗುತ್ತಿದ್ದರು.

ನಾನು ಅವರನ್ನು ಪ್ರೀತಿಸುತ್ತಿದ್ದೆ. ಇದನ್ನು ಹೇಳದೆ ಮುಂದಿನದನ್ನು ಹೇಳುವುದು ಮೋಸ. ಕಿತ್ತಳೆಯ ಸಿಪ್ಪೆಯನ್ನು ತುಂಡಾಗದಂತೆ ಒಂದೇ ಸುರುಳಿಯಾಗಿ ಬಿಡಿಸುವುದನ್ನು ಅವರಿಂದ ಕಲಿತೆ. ಅವರು ನನ್ನಿಂದ ಬೇಕು, ಸಾಕು, ಗೊತ್ತಿಲ್ಲ ಎಂಬ ಮೂರು ಪದಗಳನ್ನು, ಅಜ್ಜಿಯಿಂದ ‘ಹೋಗಿ ಬರ್ತೇನೆ’ಯನ್ನು ಕಲಿತರು. ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದನ್ನು ಹೇಳುತ್ತಿದ್ದರು, ಅಜ್ಜಿ ಒಳಗಿಂದಲೇ “ಹೋಗಿ ಬನ್ನಿ” ಎನ್ನುತ್ತಿದ್ದರು. ಊಟದ ಮೇಜಿನಲ್ಲಿ ನಾವು ಹಟ ಹಿಡಿದು ಹೇಳಿಸುತ್ತಿದ್ದ ಕಥೆಯೊಂದಿತ್ತು. ಹೊಸ ಸಂಸತ್ತಿಗೆ ಅವರು ಆರಿಸಿ ಬಂದ ಮೇಲೆ ಒಂದು ಸಂಜೆ ಬಂದೂಕು ಹಿಡಿದವರು ಸಭೆಗೆ ನುಗ್ಗಿ ಮೇಲ್ಛಾವಣಿಗೆ ಗುಂಡು ಹಾರಿಸಿದ್ದು. ಎಲ್ಲರೂ ನೆಲಕ್ಕೆ ಬಿದ್ದರು, ಬೆರಳೆಣಿಕೆಯವರು ಮಾತ್ರ ಕೂತಲ್ಲೇ ಕೂತಿದ್ದರು. “ನೀವು ಅಂಕಲ್?” ಎಂದು ನಾನು ಪ್ರತಿಸಲ ಕೇಳಬೇಕು. “ನಾನು? ನಾನು ನೆಲಹಾಸಿನ ಬಣ್ಣವನ್ನು ಬಹಳ ಹತ್ತಿರದಿಂದ ನೋಡಿದೆ” ಎಂದು ಅವರು ಪ್ರತಿಸಲ ಹೇಳಬೇಕು. ತನ್ನ ಭಯವನ್ನು ತಾನೇ ಗೇಲಿ ಮಾಡಿಕೊಳ್ಳುವ ದೊಡ್ಡ ಮನುಷ್ಯನನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಬಂದೂಕಿನ ಮುಂದೆ ಇದ್ದವರು ಎಂದರೆ ಒಳ್ಳೆಯವರು ಎಂದು ನನ್ನ ಒಂಬತ್ತು ವರ್ಷದ ಬುದ್ಧಿ ಲೆಕ್ಕ ಮುಗಿಸಿತ್ತು.

ಲೆಕ್ಕ ಮುಗಿಸದೆ ಇದ್ದವಳು ಅಮ್ಮ. ಅಪ್ಪನ ಹಸ್ತಪ್ರತಿಯನ್ನು ಅವಳೇ ಬ್ಯಾಂಕಿನಿಂದ ಬಂದ ಮೇಲೆ ಟೈಪ್ ಮಾಡುತ್ತಿದ್ದಳು. ಒಂದು ಸಂಜೆ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಕನ್ನಡಕ ತೆಗೆದರೆ ಜಗಳ ಎಂದೇ ಅರ್ಥ.

“ಏನ್ರೀ, ಸಭೆಗೆ ಹೋಗೋಕೆ ಮುಂಚೆ ಇವ್ರು ಎಲ್ಲೋ ಒಂದು ಪ್ರಾಂತ್ಯಕ್ಕೆ ಗವರ್ನರ್ ಆಗಿದ್ರು ಅಂತ ಬರ್ದಿದ್ದೀರ. ಅಷ್ಟು ವರ್ಷಕ್ಕೆ ಒಂದೇ ಪ್ಯಾರಾನಾ?”

“ಅದು ಇಂಪಾರ್ಟೆಂಟ್ ಅಲ್ಲ, ವಸುಧಾ. ಕಥೆ ಶುರುವಾಗೋದು ಓಟಿನ ದಿನದಿಂದ.”

“ಆ ಸರ್ವಾಧಿಕಾರಿ ಇವ್ರನ್ನ ಸುಮ್ನೆ ಗವರ್ನರ್ ಮಾಡಿದ್ನಾ? ಪೂಜೆ ಮಾಡಕ್ಕಾ ಕೂರ್ಸಿದ್ದು? ಕೇಳಿ ನೋಡಿ.”

“ಕೇಳಿದ್ರೆ ಮನುಷ್ಯ ಬಾಯಿ ಮುಚ್ಕೋತಾರೆ. ಆಮೇಲೆ ಪುಸ್ತಕ ಎಲ್ಲಿಂದ ಬರತ್ತೆ? ಅಮ್ಮ ಹೇಳಿಲ್ವಾ, ಪೂರ್ವಾಶ್ರಮ.”

“ನಿಮ್ಮಮ್ಮ ನಂಬಿ ಹೇಳಿದ್ರು. ನೀವು ನಂಬ್ದೇ ಇದ್ರೂ ಹೇಳ್ತಿದ್ದೀರ. ಅಷ್ಟೇ ವ್ಯತ್ಯಾಸ.”

ಅಪ್ಪ ಎದ್ದು ಹೋದರು. ಅಮ್ಮ ಕನ್ನಡಕ ಹಾಕಿಕೊಂಡು ಆ ಪ್ಯಾರಾವನ್ನು ಹಾಗೇ ಟೈಪ್ ಮಾಡಿದಳು. ಟೈಪ್ ಮಾಡುವ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು. ಈ ಜಗಳ ನಡೆದದ್ದು ಆ ಮಧ್ಯಾಹ್ನಕ್ಕೆ ಮೊದಲೋ, ಆಮೇಲೋ ಎಂದು ನಾನು ಪ್ರಮಾಣ ಮಾಡಲಾರೆ. ಮೊದಲು ಎಂದು ಇಟ್ಟುಕೊಂಡರೆ ಕಥೆ ಸರಿಹೋಗುತ್ತದೆ. ಅದಕ್ಕೇ ನನಗೆ ಅನುಮಾನ.

ಆ ಮಧ್ಯಾಹ್ನ ಅಜ್ಜನ ತಿಥಿ. ಸಿಂಗಪುರದಲ್ಲಿ ತಿಥಿ ಮಾಡಿಸುವವರು ಇನ್ನೊಂದು ಬ್ಯಾಂಕಿನ ರಾವ್ ಅಂಕಲ್. ಅರ್ಧ ದಿನ ರಜೆ ಹಾಕಿ, ಆಫೀಸಿನ ಬ್ಯಾಗಿನಲ್ಲಿ ಪಂಚೆ ದರ್ಭೆಗಳನ್ನಿಟ್ಟುಕೊಂಡು, ಟೈ ಕಟ್ಟಿಕೊಂಡೇ ಎಂಆರ್‌ಟಿಯಲ್ಲಿ ಬರುತ್ತಿದ್ದರು. ಊಟಕ್ಕೆ ಕೂರುವ ಇನ್ನಿಬ್ಬರನ್ನು ಅವರೇ ಕರೆತರುತ್ತಿದ್ದರು. ಬೆಳಿಗ್ಗೆಯಿಂದ ಮನೆ ತುಂಬ ಎಳ್ಳು ಹುರಿದ ವಾಸನೆ, ಉದ್ದಿನ ವಡೆಯ ವಾಸನೆ. ಕರ್ಮವೆಲ್ಲ ಮುಗಿದು, ರಾವ್ ಅಂಕಲ್ ಮತ್ತೆ ಟೈ ಕಟ್ಟಿಕೊಂಡು ತಮ್ಮವರೊಡನೆ ಹೋದ ಮೇಲೆ ಉಳಿದದ್ದು ಒಂದೇ: ಕಾಗೆಗೆ ಇಟ್ಟ ಅನ್ನವನ್ನು ಕಾಗೆ ಮುಟ್ಟಬೇಕು. ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ. ಅಪ್ಪ ಬಾಳೆಯೆಲೆಯ ಚೂರಿನಲ್ಲಿ ಅನ್ನ, ವಡೆ ಇಟ್ಟು, ಬ್ಲಾಕಿನ ಹಿಂದಿನ ಹುಲ್ಲಿನ ಮೇಲೆ ಇರಿಸಿ ಮೇಲೆ ಬಂದರು. ನಾವೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ನಿಂತೆವು. ಮುಂದೆ ಅಜ್ಜಿ, ಪಕ್ಕದಲ್ಲಿ ನಾನು, ಹಿಂದೆ ಅಪ್ಪ, ಅಮ್ಮ, ಶುಭಾ. ಅಂದು ತಮಗೂ ಎಲೆ ಹಾಕಿದ್ದಾರೆಂದು ತಿಳಿದಿದ್ದ ದೋಣಿಯವರು ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಹಿಂದೆ, ಎಲ್ಲರ ತಲೆಯ ಮೇಲಿಂದ ನೋಡುತ್ತಿದ್ದರು.

ಉಳಿದ ದಿನಗಳಲ್ಲಿ ನಮ್ಮ ಬ್ಲಾಕಿನ ಹಿಂದೆ ಕಾಗೆಗಳಿಗೆ ಬರವಿರಲಿಲ್ಲ. ಗಳುವಿನ ಮೇಲೆ, ಕಸದ ತೊಟ್ಟಿಯ ಮೇಲೆ, ಎಲ್ಲೆಲ್ಲೂ ಅವೇ. ಅಂದು ಒಂದೂ ಇಲ್ಲ. ಅಜ್ಜಿ “ಕಾ ಕಾ” ಎಂದು ಕರೆದರು. ಅಪ್ಪ ಹೊಟ್ಟೆ ಸವರಿಕೊಂಡರು.

“ಮಾವನವ್ರಿಗೆ ಯಾವ್ದೋ ಬೇಜಾರಿದೆ” ಎಂದಳು ಅಮ್ಮ.

“ವಡೆ ಗಟ್ಟಿ ಆಗಿದೆ, ಅದಕ್ಕೇ” ಎಂದಳು ಶುಭಾ.

“ಶ್, ನೋಡಿ, ಬಂತು!” ಎಂದರು ಅಪ್ಪ.

ಒಂದು ಬಂತು. ಹುಲ್ಲಿನ ಮೇಲೆ ಇಳಿದು, ಕುತ್ತಿಗೆ ಓರೆ ಮಾಡಿ, ಎರಡು ಹೆಜ್ಜೆ ಕುಪ್ಪಳಿಸಿತು. ಅದು ಎಲೆಗೆ ಕೊಕ್ಕು ಹಾಕಿತು ಎಂದು ಶುಭಾ ಇವತ್ತಿಗೂ ಹೇಳುತ್ತಾಳೆ. ಹಾಕಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಢಂ ಎಂದಿತು. ಕಾಗೆ ಇದ್ದ ಜಾಗದಲ್ಲಿ ಒಂದು ಕಪ್ಪು ಬಟ್ಟೆಯ ಮುದ್ದೆ ಬಿದ್ದಿತ್ತು. ಕಂಬದ ಮರೆಯಿಂದ ಬಣ್ಣದ ಜಾಕೀಟು ತೊಟ್ಟವನೊಬ್ಬ ಬಂದೂಕು ಹಿಡಿದು ಹೊರಬಂದ. ಕಾಗೆಗಳ ಕಾಟ ಹೆಚ್ಚಾದಾಗ ಅಲ್ಲಿ ಬಂದೂಕಿನವರನ್ನು ಕಳಿಸಿ ಹೊಡೆಸುತ್ತಿದ್ದರು. ಲಿಫ್ಟಿನ ಬಳಿ ಮುಂಚೆಯೇ ನೋಟೀಸು ಅಂಟಿಸಿದ್ದರಂತೆ, ನಮ್ಮಲ್ಲಿ ಯಾರೂ ಓದಿರಲಿಲ್ಲ. ಅವನು ಕಾಗೆಯನ್ನು ಕಾಲು ಹಿಡಿದೆತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಕಿಟಕಿಯಲ್ಲಿ ನಮ್ಮ ಮುಖಗಳನ್ನು ಕಂಡು ಕೈಬೀಸಿದ.

“ಸಾರಿ ಆಂಟಿ! ನಾಯ್ಸ್ ಆಹ್? ಫಿನಿಶ್ ಆಲ್ರೆಡಿ ಲಾ!”

ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡರು. “ಕೊಂದ್ರಲ್ಲ! ಉಣ್ಲಿಕ್ಕೆ ಬಂದವ್ರನ್ನ ಕೊಂದ್ರಲ್ಲ!” ಎಂದು ಅವರ ಗಂಟಲಿನಿಂದ ಬಂದ ಸ್ವರ ಅದಕ್ಕೆ ಮುಂಚೆಯೂ ಆಮೇಲೆಯೂ ನಾನು ಕೇಳಿದ್ದಲ್ಲ. ನಾನು ಅಮ್ಮನ ಸೀರೆಯೊಳಗೆ ನುಗ್ಗಿದ್ದೆ. ಶುಭಾ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ದಳು. ಅಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿದ್ದರು. ಸದ್ದಿಗೆ ಬೆಚ್ಚದೆ ನಿಂತಿದ್ದವರು ಒಬ್ಬರೇ. ನಮ್ಮ ಕಥೆಯಲ್ಲಿ ಪ್ರತಿಸಲ ಮೊದಲು ನೆಲಕ್ಕೆ ಬೀಳುತ್ತಿದ್ದವರು ಅಲ್ಲಾಡದೆ ನಿಂತು, ತಲೆ ಸ್ವಲ್ಪ ವಾಲಿಸಿ, ಪರಿಚಯದ ಹಾಡಿನ ಸಾಲು ದೂರದಿಂದ ಕೇಳಿಸಿದಂತೆ ಆಲಿಸುತ್ತಿದ್ದರು. ಅದು ನನಗೆ ಕಾಗೆಗಿಂತ ಹೆಚ್ಚು ಭಯ ಹುಟ್ಟಿಸಿತು. ಆಮೇಲೆ ಅವರು ಇಂಗ್ಲಿಷಿನಲ್ಲಿ, ಅಪ್ಪನಿಗೋ ಕಿಟಕಿಗೋ ಎಂಬಂತೆ, ಮೆಲ್ಲಗೆ ಹೇಳಿದರು. ನನ್ನ ಕಚೇರಿಯ ಕಿಟಕಿಯಿಂದಲೂ ಹೀಗೇ ಕೇಳಿಸಿತ್ತು. ಇಷ್ಟೇ ಸಣ್ಣ ಸದ್ದು. ಕಾರ್ಖಾನೆಯ ಗೇಟಿನ ಹತ್ತಿರ, ಮುಷ್ಕರದ ದಿನ. ಇಬ್ಬರು ಹುಡುಗರು. ಶವಸಂಸ್ಕಾರಕ್ಕೆ ಅನುಮತಿ ಕೊಡಲಾಗಲಿಲ್ಲ. ಬೆಳಗಾಗುವ ಮೊದಲೇ ಹೂಳಲಾಯಿತು. ತಂದೆಯಂದಿರಿಗೆ ತಿಳಿಸಲಾಗಿರಲಿಲ್ಲ.

ಹೀಗೇ ಹೇಳಿದರು. ‘ಲಾಯಿತು’, ‘ಲಾಗಲಿಲ್ಲ’. ಮಾಡಿದವರಿಲ್ಲದ ಇಂಗ್ಲಿಷ್.

ಅಜ್ಜಿ ಕಣ್ಣೊರೆಸಿಕೊಂಡು ತಿರುಗಿದರು. “ಎಂತ ಹೇಳಿದ್ರು?”

“ಏನಿಲ್ಲ ಅಮ್ಮ. ಪಾಪ, ಕಾಗೆ ಅಂತ” ಎಂದರು ಅಪ್ಪ.

ಟೀವಿಯಲ್ಲಿ ಏನು ಹೇಳುತ್ತಿದ್ದಾರೆ, ಪಕ್ಕದ ಮನೆಯ ಚೀನೀ ಅಜ್ಜಿ ಏನಂದಳು, ಎಲ್ಲವನ್ನೂ ಅಜ್ಜಿಗೆ ಹೇಳುತ್ತಿದ್ದವನು ನಾನು. ಅಪ್ಪನದು ಸುಳ್ಳು ಅನುವಾದ ಎಂದು ಅವರಿಗೆ ಹೇಗೆ ತಿಳಿಯಿತೋ. ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

“ನೀ ಹೇಳು ಮಗಾ.”

“ಇಬ್ರು ಹುಡುಗ್ರಿಗೆ ಗುಂಡು ಹೊಡೆದ್ರಂತೆ ಅಜ್ಜಿ. ಆಮೇಲೆ ಅವ್ರ ಅಪ್ಪಂದ್ರಿಗೆ ಕರ್ಮ ಮಾಡಕ್ಕೆ ಬಿಡ್ಲಿಲ್ವಂತೆ.”

“ಕರ್ಮ ಮಾಡ್ಲಿಕ್ಕೆ ಬಿಡ್ಲಿಲ್ವಾ? ಹೆತ್ತವನಿಗಾ?”

ನಮ್ಮ ‘ಬಿಡಲಿಲ್ಲ’ದಲ್ಲಿ ಒಂದು ವಿಚಿತ್ರವಿದೆ, ಅದು ನನಗೆ ತಿಳಿದದ್ದು ಬಹಳ ಆಮೇಲೆ. ಬಿಟ್ಟೆ ಎಂದರೆ ನಾನು, ಬಿಟ್ಟರು ಎಂದರೆ ಅವರು. ಬಿಡಲಿಲ್ಲ ಎಂದ ಕೂಡಲೇ ಮನುಷ್ಯ ಮಾಯವಾಗುತ್ತಾನೆ. ನಾನು ಬಿಡಲಿಲ್ಲ, ನೀನು ಬಿಡಲಿಲ್ಲ, ಅವರು ಬಿಡಲಿಲ್ಲ, ಎಲ್ಲಕ್ಕೂ ಒಂದೇ ರೂಪ. ನಾನು ಹಿಂದುಮುಂದು ಯೋಚಿಸದೆ, ಇಂಗ್ಲಿಷಿನಲ್ಲಿ ಬಚ್ಚಿಟ್ಟಿದ್ದವನನ್ನು ಕನ್ನಡದಲ್ಲೂ ಬಚ್ಚಿಟ್ಟೇ ಅಜ್ಜಿಯ ಕೈಗೆ ಕೊಟ್ಟಿದ್ದೆ. ಆದರೆ ಅಡುಗೆಮನೆಯಲ್ಲಿ ಆ ಪದವನ್ನು ಹೇಳಿದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಯಾರು? ಅಜ್ಜಿಯೋ, ನಾನೋ, ಯಾರೋ ಕೇಳಿದೆವು. ಇಂಗ್ಲಿಷಿನ ಆ ಪ್ರಶ್ನೆ ನನ್ನ ಧ್ವನಿಯಲ್ಲೇ ಹೊರಬಿತ್ತು ಎನ್ನುವುದರಲ್ಲಿ ನನಗೂ ಶುಭಾಳಿಗೂ ಒಮ್ಮತವಿದೆ. ದೋಣಿಯವರು ನನ್ನ ಮುಖ ನೋಡಿ, “ಮಿ” ಎಂದರು. ಅಷ್ಟರಲ್ಲಿ ಅಮ್ಮನ ಕೈಯಿಂದ ಹಿತ್ತಾಳೆಯ ಸೌಟು ಜಾರಿ ನೆಲಕ್ಕೆ ಬಿದ್ದು ಠಣಠಣ ಎಂದಿತು. ‘ನಾನು’ ಎಂಬ ‘ಮಿ’ ಅದು ಎಂದು ನಾನು ಕೇಳಿಸಿಕೊಂಡೆ. ಅವರು ‘ಮಿನಿಸ್ಟ್ರಿ’ ಎನ್ನಹೊರಟಿದ್ದರು, ಸೌಟಿನ ಸದ್ದಿಗೆ ಉಳಿದದ್ದು ಮುಳುಗಿಹೋಯಿತು ಎಂದು ಶುಭಾ. ಇಷ್ಟೇ ಪಾಠಾಂತರ. ಒಬ್ಬ ಮನುಷ್ಯನ ಮೇಲಿನ ಅಷ್ಟು ದೊಡ್ಡ ಮಾತು ಒಂದು ಸೌಟಿನ ಆಚೆ ಈಚೆ ನಿಂತಿತ್ತು.

ಅಜ್ಜಿ ಮಾತ್ರ ಆ ಉತ್ತರಕ್ಕೆ ಕಾದಂತೆ ಕಾಣಲಿಲ್ಲ. ಕೊಂದವರು ಯಾರು, ಏಕೆ, ಯಾವ ಮುಷ್ಕರ, ಒಂದನ್ನೂ ಕೇಳಲಿಲ್ಲ. ಮಣೆಯ ಬಳಿ ಉಳಿದಿದ್ದ ಎಳ್ಳಿನ ಬಟ್ಟಲನ್ನು ತೆಗೆದುಕೊಂಡು ಬಂದು ಅಪ್ಪನ ಎದುರು ಹಿಡಿದರು.

“ಅವ್ರ ಹೆಸ್ರು ಕೇಳು.”

“ಅಮ್ಮ, ಬೇಡ. ನೀನೇ ಅಲ್ವಾ ಪೂರ್ವಾಶ್ರಮ ಕೇಳ್ಬಾರ್ದು ಅಂದಿದ್ದು?”

“ಪೂರ್ವಾಶ್ರಮ ಯಾರು ಕೇಳಿದ್ದು? ನಾನು ಸತ್ತವ್ರ ಹೆಸ್ರು ಕೇಳ್ತಾ ಇದ್ದೇನೆ. ಎಳ್ಳು ಉಂಟು, ದರ್ಭೆ ಉಂಟು, ನಿನ್ನ ಬೆರಳಲ್ಲಿ ಪವಿತ್ರದ ಉಂಗುರ ಇನ್ನೂ ಉಂಟು. ಯಾರೂ ಬಿಡದವ್ರಿಗೆ ಒಂದು ಧರ್ಮೋದಕ ಬಿಡ್ಲಿಕ್ಕೆ ನಿಂಗೆಂತ ದಾಡಿ? ಹೆಸ್ರು ಕೇಳು.”

ತನ್ನವರಲ್ಲದ ಸತ್ತವರಿಗೂ ಹೆಸರು ಹೇಳಿ ಎಳ್ಳುನೀರು ಬಿಡುವ ಪದ್ಧತಿ ನಮ್ಮಲ್ಲಿದೆ, ಅದು ಧರ್ಮೋದಕ. ಅಪ್ಪ ಇದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡರು. ದೋಣಿಯವರು ಕೇಳಿಸಿಕೊಂಡರು. ಹಳೆಯ ಸಭೆಯಲ್ಲಿ ತನ್ನ ಎಡಕ್ಕೆ ಯಾರು, ಬಲಕ್ಕೆ ಯಾರು, ‘ಹೌದು’ ಎನ್ನುವಾಗ ಯಾರ ಧ್ವನಿ ನಡುಗಿತು ಎಂದು ಅಪ್ಪನಿಗೆ ತಡವರಿಸದೆ ಬರೆಸಿದ್ದ ಮನುಷ್ಯ. ಅಜ್ಜಿಯ ಕೈಯ ಬಟ್ಟಲನ್ನು ನೋಡಿದರು. ಆಮೇಲೆ ಅನುವಾದಕ್ಕೆ ಕಾಯದೆ, ಅಜ್ಜಿಗೇ ನೇರವಾಗಿ, ನಾನು ಕಲಿಸಿದ್ದ ಕನ್ನಡದಲ್ಲಿ ಹೇಳಿದರು.

“ಗೊತ್ತಿಲ್ಲ.”

ಆ ಮಧ್ಯಾಹ್ನದ ಬಗ್ಗೆ ನಾವೆಲ್ಲರೂ ಒಪ್ಪುವುದು ಈ ಒಂದು ಮಾತನ್ನು. ಅಮ್ಮ, ಶುಭಾ, ನಾನು, ಪೇಪರಿನ ಹಿಂದಿನಿಂದ ಅಪ್ಪ ಕೂಡ. ಉಚ್ಚಾರ ಬಹಳ ಚೆನ್ನಾಗಿತ್ತು. ನಾನು ಕಲಿಸಿದ ಪದ ಇಷ್ಟು ಭಯಂಕರವಾಗಿ ಕೇಳಿಸಬಹುದೆಂದು ನನಗೆ ತಿಳಿದಿರಲಿಲ್ಲ. ಅಪ್ಪ ಸಿಂಕಿನ ಮುಂದೆ ನಿಂತು ಹೆಸರಿಲ್ಲದೆ ಎರಡು ಸಲ ಎಳ್ಳುನೀರು ಬಿಟ್ಟರು. ಆಮೇಲೆ ಊಟಕ್ಕೆ ಕೂತೆವು. ಕಾಗೆ ಮುಟ್ಟಿತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅಜ್ಜಿ ದೋಣಿಯವರಿಗೂ ಬಡಿಸಿದರು. ಒಂದು ಪದಾರ್ಥವನ್ನೂ ಬಿಡಲಿಲ್ಲ, ಎಳ್ಳುಂಡೆ ಕೂಡ ಇಟ್ಟರು. ಆದರೆ ಅಪ್ಪನಿಗೆ, ನನಗೆ, ಶುಭಾಳಿಗೆ, ಅಮ್ಮನಿಗೆ ಬಡಿಸಿದ ಮೇಲೆ ಬಡಿಸಿದರು. ಖಾಲಿ ಎಲೆಯ ಮುಂದೆ ಕೈ ಕಟ್ಟಿ ಕಾಯುತ್ತ ಕೂತ ಅವರ ಕಿವಿಗಳು ಕೆಂಪಾಗಿದ್ದವು. ಏನಾಯಿತೆಂದು ಅವರಿಗೆ ಯಾವ ಅನುವಾದವೂ ಬೇಕಾಗಲಿಲ್ಲ.

ಆ ತಿಂಗಳು ಮುಗಿಯುವ ಮೊದಲು ಅವರು ಹೊರಟರು. ಯಾರೂ ಹೋಗಿ ಎನ್ನಲಿಲ್ಲ. ಅಮ್ಮ ದಾರಿಗೆಂದು ಚಕ್ಕುಲಿ ಕಟ್ಟಿಕೊಟ್ಟಳು, ಅಪ್ಪ ಟ್ಯಾಕ್ಸಿ ಕರೆದರು. ಬಾಗಿಲಲ್ಲಿ ನಿಂತು ಅವರು ಪ್ರತಿ ಬೆಳಗಿನಂತೆ “ಹೋಗಿ ಬರ್ತೇನೆ” ಎಂದರು. ಒಳಗಿಂದ ಅಜ್ಜಿಯ ದನಿ ಬಂತು.

“ಆಯ್ತು. ಹೋಗಿ.”

ಅಮ್ಮ ಗಾಬರಿಯಿಂದ ನನ್ನ ಭುಜ ಹಿಡಿದಳು. ‘ಬನ್ನಿ’ಯಿಲ್ಲದ ‘ಹೋಗಿ’ಯನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಭಿಕ್ಷುಕನಿಗೂ ‘ಮುಂದೆ ಹೋಗಪ್ಪ’ ಎನ್ನುತ್ತೇವೆ. ದೋಣಿಯವರು ಒಂದು ಕ್ಷಣ ನಿಂತರು. ಉಳಿದ ಅರ್ಧ ಬರುತ್ತದೆಂದು ಕಾದರೋ ಏನೋ. ಆಮೇಲೆ ಲಿಫ್ಟಿನ ಬಾಗಿಲು ಮುಚ್ಚಿತು. ಅವರು ಬದುಕಿರುವವರೆಗೆ ನನಗೆ ಹುಟ್ಟುಹಬ್ಬಕ್ಕೆ ಕಾರ್ಡ್ ಬರುತ್ತಿತ್ತು. ನಾನು ಉತ್ತರ ಬರೆದೆನೋ ಇಲ್ಲವೋ ನೆನಪಿಲ್ಲ.

ಅಪ್ಪನ ಪುಸ್ತಕ ಬಂತು. ಗುತ್ತಿಗೆ ಮುಂದುವರಿಯಿತು. ನಾವು ಕ್ಲೆಮೆಂಟಿಯಿಂದ ಟೋವಾ ಪಾಯೋದ ಇನ್ನೂ ದೊಡ್ಡ ಮನೆಗೆ ಶಿಫ್ಟ್ ಆದೆವು. ನನ್ನ ಓದು, ನನ್ನ ಅನುಮಾನದ ಕಸುಬು, ಎಲ್ಲವೂ ಆ ಪುಸ್ತಕದ ಅನ್ನದಲ್ಲೇ ಬೆಳೆದವು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅದನ್ನು ಮೊದಲ ಸಲ ತೆರೆದು ನೋಡಿದೆ. ಒಂದು ಪ್ಯಾರಾ ಎರಡಾಗಿತ್ತು. ಎರಡನೆಯದರಲ್ಲಿ, ಮುಷ್ಕರದಲ್ಲಿ ಇಬ್ಬರು ಸತ್ತರು, ಸಾರ್ವಜನಿಕ ಶವಸಂಸ್ಕಾರಕ್ಕೆ ಅನುಮತಿ ದೊರೆಯಲಿಲ್ಲ ಎಂದಿತ್ತು. ದೊರೆಯಲಿಲ್ಲ! ನಾನು ಪುಸ್ತಕ ಹಿಡಿದು ಅಪ್ಪನ ಮುಂದೆ ನಿಂತೆ.

“ಯಾರಿಂದ ದೊರೀಲಿಲ್ಲ, ಅಪ್ಪ?”

“ಸಾಕ್ಷಿ ಎಲ್ಲಿದೆ? ಒಂಬತ್ತು ವರ್ಷದ ಹುಡುಗ ಸೌಟಿನ ಸದ್ದಲ್ಲಿ ಅರ್ಧ ಕೇಳಿಸ್ಕೊಂಡ ‘ಮಿ’ನಾ? ಅದನ್ನ ನಂಬಿ ಒಬ್ಬ ಮನುಷ್ಯನ ಮೇಲೆ ಬರೀತೀಯಾ ನೀನು?”

ನಾನು ಪುಸ್ತಕ ಮುಚ್ಚಿ ಅಪ್ಪನ ಮೇಜಿನ ಮೇಲಿಟ್ಟೆ. ಇತಿಹಾಸ ವಿಭಾಗ ಸೇರಿದ್ದು ಅದಕ್ಕೆ ಉತ್ತರ ಹುಡುಕಲು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ನಿಜಕ್ಕೂ ಬೇರೆಲ್ಲೂ ಸೀಟು ಸಿಕ್ಕಿರಲಿಲ್ಲ. ಆದರೆ ಅಪ್ಪನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕೇಳಿಸಿಕೊಂಡದ್ದೇ ತಪ್ಪಾಗಿದ್ದರೆ? ಎಲ್ಲರಿಗಿಂತ ಕಡೆಗೆ ಬಡಿಸುವುದನ್ನು ಕಾಯುತ್ತ ಕೂತ ಆ ಕೆಂಪು ಕಿವಿಗಳಿಗೆ, ಆ ‘ಹೋಗಿ’ಗೆ, ನನ್ನ ಅರ್ಧ ಅನುವಾದವೇ ಕಾರಣವಾಗಿದ್ದರೆ? ಎಷ್ಟೋ ವರ್ಷ ನಾನು ಶುಭಾಳ ‘ಮಿನಿಸ್ಟ್ರಿ’ಯೇ ನಿಜವಾಗಿರಲಿ ಎಂದು ಆಸೆಪಟ್ಟಿದ್ದೇನೆ. ಬೇರೆ ಕೆಲಸಕ್ಕೆ ಸ್ಪೇನಿಗೆ ಹೋದಾಗ ರೈಲು ಬದಲಿಸಿ ಆ ಪ್ರಾಂತ್ಯದ ಪಟ್ಟಣಕ್ಕೆ ಹೋದದ್ದೂ ಅದೇ ಆಸೆಯಿಂದ. ಅಲ್ಲಿನ ಗ್ರಂಥಾಲಯದಲ್ಲಿ ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಫಿಲ್ಮ್ ಸುರುಳಿಗಳಲ್ಲಿ ಇಟ್ಟಿದ್ದರು. ಮುಷ್ಕರದ ವಾರದ ಸುರುಳಿ ಸಿಕ್ಕಿತು. ಸಿನಿಮಾ ಜಾಹೀರಾತಿನ ಪಕ್ಕದಲ್ಲಿ ಆ ಶವಸಂಸ್ಕಾರದ ಬಗ್ಗೆ ಗವರ್ನರರ ಒಂದು ಸಣ್ಣ ಪ್ರಕಟಣೆ, ಕೆಳಗೆ ನಮ್ಮ ದೋಣಿಯವರ ಪೂರ್ತಿ ಹೆಸರು. ಹುಡುಗರ ಹೆಸರು ಅದರಲ್ಲಿ ಇರಲಿಲ್ಲ.

ಅವರು ಆ ಮಧ್ಯಾಹ್ನ ‘ಮಿ’ ಎಂದರೋ ‘ಮಿನಿಸ್ಟ್ರಿ’ ಎಂದರೋ, ಕಾಗೆ ಅನ್ನ ಮುಟ್ಟಿತೋ ಇಲ್ಲವೋ, ‘ಯಾರು’ ಎಂದು ಕೇಳಿದ್ದು ಯಾರೋ, ಇವುಗಳಲ್ಲಿ ಯಾವುದನ್ನೂ ನನ್ನಿಂದ ಖಚಿತಪಡಿಸಿಕೊಳ್ಳಲಾಗಿಲ್ಲ. ಖಚಿತಪಡಿಸಿಕೊಂಡದ್ದು ಒಂದೇ. ಸ್ಪ್ಯಾನಿಷ್ ಭಾಷೆಯಲ್ಲಿ ಇಲ್ಲ ಎನ್ನುವಾಗಲೂ ಕ್ರಿಯಾಪದ ತನ್ನ ಕೊನೆಯ ಅಕ್ಷರದಲ್ಲಿ ಮಾಡಿದವನನ್ನು ಇಟ್ಟುಕೊಂಡಿರುತ್ತದೆ. ‘ಔತೊರಿಸಾ’ ಎಂದರೆ ಅವರು ಅನುಮತಿಸುತ್ತಾರೆ, ‘ಔತೊರಿಸೊ’ ಎಂದರೆ ನಾನು ಅನುಮತಿಸುತ್ತೇನೆ. ಪ್ರಕಟಣೆಯಲ್ಲಿದ್ದದ್ದು ‘ನೊ ಔತೊರಿಸೊ’. ಫಿಲ್ಮಿನಲ್ಲಿ ಗೀರು ಇರಬಹುದೆಂದು ಗ್ರಂಥಪಾಲಕಿಯನ್ನು ಕೇಳಿ ಮೂಲ ಕಾಗದವನ್ನೇ ತರಿಸಿ ನೋಡಿದೆ. ಅಲ್ಲೂ ಕೊನೆಯ ಅಕ್ಷರ ‘ಒ’.